ರೋಯಿಂಗ್ ಮಷಿನ್: ಕಾಲಿನಿಂದ ಶುರುಮಾಡಿ

ಜಿಮ್ಮಿನಲ್ಲಿ ಟ್ರೆಡ್‌ಮಿಲ್ ಯಾವಾಗ ಖಾಲಿಯಾಗುತ್ತೋ ಅಂತ ಜನ ಕಾಯುತ್ತಾ ನಿಂತಿರುತ್ತಾರೆ. ಪಕ್ಕದಲ್ಲೇ ರೋಯಿಂಗ್ ಮಷಿನ್, ಅಂದರೆ ದೋಣಿಗೆ ಹುಟ್ಟು ಹಾಕುವ ಹಾಗೆ ಕೂತು ಎಳೆಯುವ ಮಷಿನ್, ಸುಮ್ನೆ ಬಿದ್ದಿರುತ್ತದೆ. ಯಾರಾದರೂ ಕೂತರೂ ಐದು ನಿಮಿಷ ಜೋರಾಗಿ ಎಳೆದು, ಸೊಂಟ ಹಿಡಿದುಕೊಂಡು ಎದ್ದು ಹೋಗುತ್ತಾರೆ. ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕಾಲು, ಸೊಂಟ, ಬೆನ್ನು, ತೋಳು, ಜೊತೆಗೆ ಹೃದಯ ಮತ್ತು ಶ್ವಾಸಕೋಶ, ಇಷ್ಟಕ್ಕೂ ಒಟ್ಟಿಗೆ ಕೆಲಸ ಕೊಡುವ ಮಷಿನ್‌ಗಳು ಜಾಸ್ತಿ ಇಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಪೆಟ್ಟು ಇಲ್ಲಿ ಬೀಳುವುದಿಲ್ಲ.

ಎಡವಟ್ಟಾಗುವುದು ಒಂದೇ ಕಡೆ. ಹಿಡಿ ಕೈಯಲ್ಲಿರುತ್ತದೆ, ಹಾಗಾಗಿ ಕೆಲಸವೂ ಕೈಯದ್ದೇ ಅಂದುಕೊಂಡುಬಿಡುತ್ತೇವೆ. ನಾನೂ ಮೊದಲ ಮೂರು ವಾರ ಹಾಗೇ ಎಳೆದೆ. ಮುಂದೋಳು ಕಲ್ಲಿನ ಹಾಗೆ ಬಿಗಿದುಕೊಳ್ಳುತ್ತಿತ್ತು, ಕೆಳಬೆನ್ನು ರಾತ್ರಿಯೆಲ್ಲ ನೋಯುತ್ತಿತ್ತು. ತೊಡೆಗೆ ಮಾತ್ರ ಏನೂ ಅನ್ನಿಸುತ್ತಲೇ ಇರಲಿಲ್ಲ. ಒಂದು ದಿನ ಹಿಂದೆ ದೋಣಿ ಸ್ಪರ್ಧೆಗಳಿಗೆ ಹೋಗುತ್ತಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಬಂದು ನಿಂತು, "ಕೈ ಇದೆ ಅನ್ನೋದನ್ನೇ ಮರೀರಿ. ಪಾದದ ಕೆಳಗಿನ ಹಲಗೆನ ಮುಂದಕ್ಕೆ ತಳ್ಳಿ, ಅಷ್ಟೇ" ಅಂದರು. ಹತ್ತು ಸಲ ಹಾಗೆ ಮಾಡಿದ ಮೇಲೆ, ಎಳೆದಾಗ ತಿರುಗುವ ಮಷಿನ್ನಿನ ಫ್ಯಾನಿನ ಸದ್ದೇ ಬೇರೆಯಾಯಿತು. ಈ ಬರಹದಲ್ಲಿ ಏನೇ ಮರೆತರೂ ಆ ಮಾತನ್ನು ಮರೆಯಬೇಡಿ. ಕೋಚ್‌ಗಳು ಸಾಮಾನ್ಯವಾಗಿ ಕೊಡುವ ಅಂದಾಜು ಹೀಗಿದೆ: ಶಕ್ತಿಯಲ್ಲಿ 60 ಭಾಗ ಕಾಲಿನದು, 30 ಭಾಗ ಸೊಂಟ-ಬೆನ್ನಿನದು, ಕೈಯದ್ದು ಬರೀ 10.

ಕೂರುವ ಮುಂಚೆ

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಬೆನ್ನಿನ ಡಿಸ್ಕ್ ಸಮಸ್ಯೆ, ಹರ್ನಿಯಾ, ಇತ್ತೀಚೆಗೆ ಆದ ಆಪರೇಷನ್, ಇವುಗಳಲ್ಲಿ ಯಾವುದಿದ್ದರೂ ಮೊದಲು ಡಾಕ್ಟರನ್ನು ಕೇಳಿ. ಗರ್ಭಿಣಿಯರೂ ಕೇಳಿಯೇ ಶುರುಮಾಡಬೇಕು. ವರ್ಷಗಟ್ಟಲೆ ವ್ಯಾಯಾಮ ಬಿಟ್ಟವರು ಮೊದಲ ಎರಡು ವಾರ ನಿಧಾನವಾಗಿ ಹೋದರೆ ಸಾಕು.

ಬಟ್ಟೆ ಬಗ್ಗೆ ಒಂದು ಮಾತು. ಉದ್ದನೆಯ ಸಡಿಲ ಟೀ ಶರ್ಟ್ ಹಾಕಬೇಡಿ. ಸೀಟು ಹಿಂದೆ ಮುಂದೆ ಓಡುವಾಗ ಅದರ ಅಂಚು ಸೀಟಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹಿಡಿ ಬಟ್ಟೆಗೆ ತಗಲಿಕೊಳ್ಳುತ್ತದೆ. ಮೈಗೆ ಅಂಟುವಂಥದ್ದು ಇರಲಿ, ಅಥವಾ ಅಂಚನ್ನು ಒಳಗೆ ಸಿಕ್ಕಿಸಿ. ಶೂ ತೆಳು ಅಡಿಯದ್ದಾದರೆ ಒಳ್ಳೆಯದು. ಮೆತ್ತನೆ ದಪ್ಪ ಅಡಿಯ ಶೂ ನಿಮ್ಮ ಕಾಲಿನ ಬಲವನ್ನು ತಾನೇ ನುಂಗಿಬಿಡುತ್ತದೆ.

ಮಷಿನ್ ಯಾವುದು?

ನಾಲ್ಕು ಬಗೆ ಸಿಗುತ್ತವೆ. ಗಾಳಿಯದ್ದು, ನೀರಿನದ್ದು, ಮ್ಯಾಗ್ನೆಟ್ಟಿನದ್ದು, ಹೈಡ್ರಾಲಿಕ್ ಪಿಸ್ಟನ್ನಿನದ್ದು. ಗಾಳಿ ಮತ್ತು ನೀರಿನ ಮಷಿನ್‌ಗಳಲ್ಲಿ ನೀವು ಎಷ್ಟು ಜೋರಾಗಿ ತಳ್ಳುತ್ತೀರೋ ಅಷ್ಟೇ ಜೋರಾಗಿ ಮಷಿನ್ ಎದುರು ನಿಲ್ಲುತ್ತದೆ. ದೋಣಿಯ ಅನುಭವಕ್ಕೆ ಇವೇ ಹತ್ತಿರ, ಆದರೆ ಗಾಳಿಯದ್ದು ಸದ್ದು ಮಾಡುತ್ತದೆ. ಮ್ಯಾಗ್ನೆಟ್ ಮಷಿನ್ ಮನೆಯವರ ನಿದ್ದೆ ಕೆಡಿಸುವುದಿಲ್ಲ. ಪಿಸ್ಟನ್ ಮಷಿನ್ ಚಿಕ್ಕ ಜಾಗಕ್ಕೆ ಸರಿ, ಆದರೆ ಹಲವು ಮಾಡೆಲ್‌ಗಳಲ್ಲಿ ಕೈಯ ಓಟ ಸಹಜವಾಗಿರುವುದಿಲ್ಲ. ಆಯ್ಕೆ ಇದ್ದರೆ ಗಾಳಿಯದ್ದನ್ನೇ ಹಿಡಿಯಿರಿ ಅನ್ನುತ್ತೇನೆ.

ಜಿಮ್ಮುಗಳಲ್ಲಿ ಜಾಸ್ತಿ ಕಾಣುವ ಗಾಳಿ ಮಷಿನ್ ಕಾನ್ಸೆಪ್ಟ್2 ಕಂಪನಿಯದ್ದು. ಅವರ ಮೊದಲ ಮಾಡೆಲ್ ಬಂದಿದ್ದು 1981ರಲ್ಲಿ, ಅದರಲ್ಲಿ ಫ್ಯಾನಿನ ಜಾಗದಲ್ಲಿ ಸೈಕಲ್ ಚಕ್ರ ಇತ್ತು. ಮುಂದೆ ಹೇಳುವ ಅಂಕಿಗಳು ಹೆಚ್ಚಾಗಿ ಈ ಬಗೆಯ ಮಷಿನ್ನಿಗೆ ಹೊಂದುತ್ತವೆ. ಕೂರುವ, ತಳ್ಳುವ ಕ್ರಮ ಮಾತ್ರ ಎಲ್ಲದಕ್ಕೂ ಒಂದೇ.

ಪಾದ ಮತ್ತು ಡ್ಯಾಂಪರ್

ಪಾದದ ಪಟ್ಟಿ ಎಲ್ಲಿ ಬರಬೇಕು ಅನ್ನುವುದನ್ನು ಬಹಳ ಜನ ನೋಡುವುದೇ ಇಲ್ಲ. ಬೆರಳುಗಳು ಶುರುವಾಗುವ ಕಡೆ, ಪಾದದ ಅತಿ ಅಗಲದ ಭಾಗದ ಮೇಲೆ ಪಟ್ಟಿ ಹಾಯಬೇಕು. ಶೂ ಲೇಸಿನಲ್ಲಿ ಬೆರಳ ಕಡೆಯ ಕೊನೆಯ ಸಾಲಿಗೆ ಸರಿಯಾಗಿ ಬಂದರೆ ಸಾಕು. ಪಟ್ಟಿ ಮೇಲಕ್ಕೆ, ಹಿಮ್ಮಡಿಯ ಕಡೆ ಬಂದರೆ ಪಾದ ಮಡಚುವುದಿಲ್ಲ, ಮುಂದಕ್ಕೆ ಬರುವಾಗ ಹಿಮ್ಮಡಿ ಏಳುವುದಿಲ್ಲ. ಬೆನ್ನು ಬಾಗದೆ ಮುಂದೆ ಬರಲು ಕಷ್ಟವಾದರೆ ಪಾದವನ್ನು ಒಂದೆರಡು ರಂಧ್ರ ಕೆಳಗಿಳಿಸಿ.

ಫ್ಯಾನಿನ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿ ಇರುವ ಸಣ್ಣ ಲಿವರ್ ಇದೆ, ಅದೇ ಡ್ಯಾಂಪರ್. ಬಂದವರು ಮೊದಲು ಮಾಡುವ ಕೆಲಸ ಅದನ್ನು 10ಕ್ಕೆ ಏರಿಸುವುದು. ದಯವಿಟ್ಟು ಬೇಡ. ಅದು ತೂಕ ಏರಿಸುವ ಗುಂಡಿ ಅಲ್ಲ. ಫ್ಯಾನಿನ ಒಳಗೆ ಎಷ್ಟು ಗಾಳಿ ಹೋಗಬೇಕು ಅನ್ನುವುದನ್ನು ಮಾತ್ರ ಅದು ನಿರ್ಧರಿಸುತ್ತದೆ. 10ರಲ್ಲಿ ಮಷಿನ್ ಭಾರದ ಹಳೇ ದೋಣಿಯ ಹಾಗೆ, 3ರಲ್ಲಿ ಹಗುರ ರೇಸ್ ದೋಣಿಯ ಹಾಗೆ ಅನ್ನಿಸುತ್ತದೆ. 10ರಲ್ಲಿ ಪ್ರತಿ ಸಲವೂ ನಿಂತ ಗಾಡಿಯನ್ನು ತಳ್ಳಿದಂತಾಗಿ ಬೆನ್ನು ಬೇಗ ಸೋಲುತ್ತದೆ. ಹೊಸಬರಿಗೆ 3ರಿಂದ 5 ಸಾಕು.

ಇನ್ನೊಂದು ಸೂಕ್ಷ್ಮ ಇದೆ. ಧೂಳು ತುಂಬಿದ ಮಷಿನ್ನಿನ 5, ಶುಚಿಯಾದ ಮಷಿನ್ನಿನ 3ಕ್ಕೆ ಸಮ ಇರಬಹುದು. ಮಾನಿಟರಿನ ಮೆನುವಿನಲ್ಲಿ ಡ್ರ್ಯಾಗ್ ಫ್ಯಾಕ್ಟರ್, ಅಂದರೆ ಗಾಳಿಯ ತಡೆ ಎಷ್ಟಿದೆ ಅಂತ ಹೇಳುವ ಒಂದು ಅಂಕಿ ಸಿಗುತ್ತದೆ, ನಾಲ್ಕೈದು ಸಲ ಎಳೆದರೆ ತೋರಿಸುತ್ತದೆ. ಅದು 100ರಿಂದ 130ರ ನಡುವೆ ಇರುವಂತೆ ಡ್ಯಾಂಪರ್ ಹೊಂದಿಸಿಕೊಳ್ಳಿ. ಯಾವ ಜಿಮ್ಮಿಗೆ ಹೋದರೂ ನಿಮಗೆ ಒಂದೇ ಮಷಿನ್ ಸಿಕ್ಕಂತಾಗುತ್ತದೆ.

ಒಂದು ಸ್ಟ್ರೋಕ್, ನಿಧಾನವಾಗಿ

ಒಂದು ಸಲ ತಳ್ಳಿ ವಾಪಸ್ ಬಂದರೆ ಅದು ಒಂದು ಸ್ಟ್ರೋಕ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಬಾಯಿಪಾಠ ಮಾಡಲು ಸುಲಭವಾದ ಕ್ರಮ ಇದು: ಹೋಗುವಾಗ ಕಾಲು, ಮೈ, ಕೈ. ಬರುವಾಗ ಕೈ, ಮೈ, ಕಾಲು. ಮೊದಮೊದಲು ಬಾಯಲ್ಲಿ ಹೇಳಿಕೊಂಡೇ ಮಾಡಿ, ನಾಚಿಕೆ ಬೇಡ.

ಮೊದಲನೆಯದು ಕ್ಯಾಚ್, ಅಂದರೆ ಸ್ಟ್ರೋಕ್ ಶುರುವಾಗುವ ಭಂಗಿ. ಸೀಟು ಮುಂದಿದೆ, ಮಂಡಿ ಮಡಚಿದೆ, ಮೊಣಕಾಲಿನ ಕೆಳಗಿನ ಮೂಳೆ ನೆಲಕ್ಕೆ ನೇರವಾಗಿ ನಿಂತಿದೆ. ಅದಕ್ಕಿಂತ ಮುಂದೆ ಹೋಗಬೇಡಿ. ಹಿಮ್ಮಡಿ ಸ್ವಲ್ಪ ಎದ್ದರೆ ತಪ್ಪಿಲ್ಲ. ಕೈ ಪೂರ್ತಿ ನೀಟಾಗಿ ಚಾಚಿದೆ. ಮೈ ಸೊಂಟದಿಂದ ಮುಂದಕ್ಕೆ ವಾಲಿದೆ, ಗಡಿಯಾರದಲ್ಲಿ 1 ಗಂಟೆಯ ಮುಳ್ಳಿನಷ್ಟು. ಬೆನ್ನು ಗೂನಾಗಬಾರದು. ಹೊಟ್ಟೆ ತೊಡೆಯ ಕಡೆ ಬರಬೇಕೇ ಹೊರತು ತಲೆ ಮಂಡಿಯ ಕಡೆ ಬೀಳಬಾರದು. ಹೆಗಲು ಕಿವಿಯ ಹತ್ತಿರ ಏರಿದ್ದರೆ ಇಳಿಸಿ.

ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ. ತುಂಬಿದ ಬಕೆಟ್ಟಿನ ಹಿಡಿಯನ್ನು ಬೆರಳುಗಳಿಗೆ ನೇತುಹಾಕಿಕೊಂಡು ಒಯ್ಯುತ್ತೇವಲ್ಲ, ಹಾಗೆ ಬೆರಳು ಕೊಕ್ಕೆಯಾಗಬೇಕು. ಹೆಬ್ಬೆರಳು ಕೆಳಗೆ ಸಡಿಲವಾಗಿರಲಿ. ಮಣಿಕಟ್ಟು ಚಪ್ಪಟೆಯಾಗಿರಲಿ.

ಈಗ ಡ್ರೈವ್, ಅಂದರೆ ಹಿಂದಕ್ಕೆ ತಳ್ಳಿಕೊಂಡು ಹೋಗುವುದು. ಕಾಲಿನಿಂದ ತಳ್ಳಿ. ಮೈ ಹಾಗೇ ಮುಂದಕ್ಕೆ ವಾಲಿರಲಿ, ಕೈ ಹಾಗೇ ಚಾಚಿರಲಿ. ಈ ಕ್ಷಣದಲ್ಲಿ ಕೈ ಬರೀ ಹಗ್ಗ, ಕಾಲಿನ ಬಲವನ್ನು ಹಿಡಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಸೀಟು ಎಷ್ಟು ಹಿಂದೆ ಹೋಯಿತೋ ಹಿಡಿಯೂ ಅಷ್ಟೇ ಹಿಂದೆ ಬರಬೇಕು. ಕಾಲು ಹೆಚ್ಚೂಕಡಿಮೆ ನೇರವಾಗುವ ಹೊತ್ತಿಗೆ ಸೊಂಟದಿಂದ ಮೈಯನ್ನು ಹಿಂದಕ್ಕೆ ತೆರೆಯಿರಿ, 1 ಗಂಟೆಯಿಂದ 11 ಗಂಟೆಗೆ. ಮೈ 12 ದಾಟಿದ ಮೇಲೆ ಕೈ ಎಳೆಯಿರಿ.

ಫಿನಿಶ್ ಅಂದರೆ ಕೊನೆಯ ಭಂಗಿ. ಹಿಡಿ ಪಕ್ಕೆಲುಬುಗಳ ಕೆಳ ಅಂಚಿಗೆ ಬಂದು ಮೆಲ್ಲಗೆ ತಾಗುತ್ತದೆ. ಗದ್ದಕ್ಕೂ ಅಲ್ಲ, ತೊಡೆಗೂ ಅಲ್ಲ. ಮೊಣಕೈ ಮೈಯ ಪಕ್ಕದಲ್ಲೇ ಹಾದು ಹಿಂದೆ ಹೋಗಿರುತ್ತದೆ. ಹೊಟ್ಟೆ ಬಿಗಿಯಾಗಿರಲಿ. ಪೂರ್ತಿ ಮಲಗಿಬಿಟ್ಟರೆ ವಾಪಸ್ ಏಳಲು ಹೊಟ್ಟೆ ಮತ್ತು ಕೆಳಬೆನ್ನು ಸುಮ್ನೆ ದಣಿಯುತ್ತವೆ.

ಕೊನೆಯದು ರಿಕವರಿ, ಅಂದರೆ ವಾಪಸ್ ಬರುವುದು. ಮೊದಲು ಕೈ ಚಾಚಿ. ನಂತರ ಮೈ 1 ಗಂಟೆಗೆ ಬರಲಿ. ಹಿಡಿ ಮಂಡಿಯನ್ನು ದಾಟಿದ ಮೇಲಷ್ಟೇ ಮಂಡಿ ಮಡಚಿ, ಸೀಟು ತಾನಾಗಿ ಜಾರಿ ಮುಂದೆ ಬರಲಿ. ಹೋಗಲು ಒಂದು ಎಣಿಕೆ, ಬರಲು ಎರಡು. ಈ ತಾಳವೇ ರೋಯಿಂಗಿನ ಜೀವ. ತಳ್ಳುವಾಗ ಪೂರ್ತಿ ಬಲ, ಬರುವಾಗ ಪೂರ್ತಿ ಬಿಡುವು. ತಳ್ಳುವಾಗ ಉಸಿರು ಬಿಡಿ, ಬರುವಾಗ ಎಳೆದುಕೊಳ್ಳಿ.

ತುಂಡು ತುಂಡಾಗಿ ಕಲಿಯುವುದು

ಪೂರ್ತಿ ಸ್ಟ್ರೋಕನ್ನು ಒಂದೇ ಸಲ ಹಿಡಿಯಲು ಹೋದರೆ ಕೈ, ಮೈ, ಕಾಲು ಕಲಸಿಹೋಗುತ್ತವೆ. ಪ್ರತಿ ಸಲ ಮಷಿನ್ನಿನ ಮೇಲೆ ಕೂತಾಗ ಮೊದಲ ಐದು ನಿಮಿಷ ಹೀಗೆ ಮಾಡಿ, ವಾರ್ಮ್ ಅಪ್ಪೂ ಆಗುತ್ತದೆ.

1. ಕಾಲು ನೇರ, ಮೈ 11 ಗಂಟೆಯಲ್ಲಿ. ಬರೀ ಕೈ. 15 ಸಲ.
2. ಕೈ ಮತ್ತು ಮೈ. ಕಾಲು ಇನ್ನೂ ನೇರವಾಗಿಯೇ ಇದೆ. 15 ಸಲ.
3. ಕಾಲನ್ನು ಅರ್ಧ ಮಡಚಿ, ಕೈ-ಮೈ ಸೇರಿಸಿ. 15 ಸಲ.
4. ಪೂರ್ತಿ ಸ್ಟ್ರೋಕ್. 15 ಸಲ.
5. ಕ್ಯಾಚಿಗೆ ಬಂದು ಬರೀ ಕಾಲಿನಿಂದ ತಳ್ಳಿ, ಕೈ ಮಡಚದೆ ಮೈ ಎತ್ತದೆ ವಾಪಸ್ ಬನ್ನಿ. 10 ಸಲ.

ಐದನೆಯದು ನನಗೆ ತುಂಬಾ ಇಷ್ಟ. ಕಾಲೇ ಎಂಜಿನ್ ಅನ್ನುವುದು ಅದರಲ್ಲಿ ತೊಡೆಗೇ ಗೊತ್ತಾಗುತ್ತದೆ.

ಮೂರನೇ ವಾರದ ಹೊತ್ತಿಗೆ ಇನ್ನೊಂದು ಸೇರಿಸಿ. ಪಾದದ ಪಟ್ಟಿ ಬಿಚ್ಚಿ ಐದು ನಿಮಿಷ ಮೆಲ್ಲಗೆ ರೋ ಮಾಡಿ. ಕೊನೆಯಲ್ಲಿ ಜಾಸ್ತಿ ಹಿಂದೆ ವಾಲಿದರೆ ಪಾದ ಹಲಗೆಯಿಂದ ಎದ್ದುಬಿಡುತ್ತದೆ. ಯಾರೂ ಹೇಳಿಕೊಡದೆಯೇ ತಪ್ಪು ತಿದ್ದಿಹೋಗುತ್ತದೆ.

ತಪ್ಪುಗಳು, ಅವು ಮಾಡುವ ಸದ್ದು

ತಪ್ಪು ಕಂಡುಹಿಡಿಯಲು ಮೊಬೈಲನ್ನು ಪಕ್ಕದಲ್ಲಿ, ಸೀಟಿನ ಎತ್ತರಕ್ಕೆ ಇಟ್ಟು ಹತ್ತು ಸ್ಟ್ರೋಕ್ ವಿಡಿಯೊ ಮಾಡಿ. ಕನ್ನಡಿಗಿಂತ ಇದು ಮೇಲು. ಕನ್ನಡಿ ನೋಡಲು ತಲೆ ತಿರುಗಿಸಿದ ಕೂಡಲೇ ಭಂಗಿ ಕೆಡುತ್ತದೆ.

ಅತಿ ಕೆಟ್ಟ ತಪ್ಪು ಸೀಟು ಮುಂಚಿತವಾಗಿ ಓಡಿಹೋಗುವುದು. ಕಾಲು ತಳ್ಳುತ್ತದೆ, ಸೀಟು ಸರ್ ಅಂತ ಹಿಂದೆ ಹೋಗುತ್ತದೆ, ಹಿಡಿ ಮಾತ್ರ ಇದ್ದಲ್ಲೇ ಇರುತ್ತದೆ. ಆಮೇಲೆ ಗೂನಾದ ಬೆನ್ನಿನಿಂದ ಅದನ್ನು ಎತ್ತಬೇಕಾಗುತ್ತದೆ. ಸೊಂಟ ಹಿಡಿದುಕೊಂಡು ಎದ್ದು ಹೋಗುವವರ ಕಥೆ ಹೆಚ್ಚಾಗಿ ಇದೇ. ಕಿವಿಯಿಂದಲೂ ಇದನ್ನು ಪತ್ತೆಹಚ್ಚಬಹುದು: ಕಾಲು ತಳ್ಳಿದ ಕ್ಷಣದಲ್ಲೇ ಫ್ಯಾನ್ ಹೂಂಕರಿಸಬೇಕು. ಕಾಲು ನೇರವಾದ ಮೇಲೆ ಸದ್ದು ಬಂದರೆ ನಡುವೆ ಬಲ ಸೋರಿದೆ. ತಳ್ಳುವ ಮುಂಚೆ ಹೊಟ್ಟೆ ಬಿಗಿ ಮಾಡಿ, ಹಿಡಿಗೆ ಕಟ್ಟಿರುವ ಸರಪಳಿಯಲ್ಲಿ ಬಿಗಿತ ಸಿಕ್ಕ ಮೇಲೆ ಪೂರ್ತಿ ಬಲ ಹಾಕಿ. ಸರಿಹೋಗುತ್ತದೆ.

ಇನ್ನೊಂದು, ಹಿಡಿ ಮಂಡಿಯ ಮೇಲೆ ಹಾರಿ ಬರುವುದು. ವಾಪಸ್ ಬರುವಾಗ ಕೈ ಚಾಚುವ ಮುಂಚೆಯೇ ಮಂಡಿ ಎದ್ದರೆ, ಹಿಡಿ ಮಂಡಿಗೆ ಬಡಿಯದಿರಲಿ ಅಂತ ಅದನ್ನು ಮೇಲೆತ್ತುತ್ತೇವೆ. ಸರಪಳಿ ಕುಣಿಯುತ್ತದೆ. ಸರಪಳಿ ಹೋಗುವಾಗಲೂ ಬರುವಾಗಲೂ ಒಂದೇ ಗೆರೆಯಲ್ಲಿ ಓಡಬೇಕು. ಕೈ ಚಾಚಿ, ಒಂದು ಕ್ಷಣ ನಿಂತು, ಆಮೇಲೆ ಮಂಡಿ ಮಡಚುವುದನ್ನು ನಿಧಾನವಾಗಿ 20 ಸಲ ಮಾಡಿದರೆ ಈ ಚಾಳಿ ಹೋಗುತ್ತದೆ.

ತಳ್ಳುವ ಮೊದಲೇ ಮೊಣಕೈ ಮಡಚುವುದು, ಮುಂದಕ್ಕೆ ಧಾವಿಸಿ ಬಂದು ಸೀಟು ಹಿಮ್ಮಡಿಗೆ ಡಿಕ್ಕಿ ಹೊಡೆಯುವುದು, ಹಿಡಿಯನ್ನು ಗದ್ದದವರೆಗೆ ಎತ್ತುವುದು, ಇವೂ ಇವೆ. ಇವಕ್ಕೆಲ್ಲ ಮದ್ದು ಒಂದೇ, ವೇಗ ಇಳಿಸುವುದು.

ಮಾನಿಟರ್ ಓದುವುದು

ಪರದೆಯ ಮೇಲೆ ಎರಡು ಅಂಕಿ ಮುಖ್ಯ. ನಿಮಿಷಕ್ಕೆ ಎಷ್ಟು ಸ್ಟ್ರೋಕ್ ಅನ್ನುವುದು ಒಂದು. 500 ಮೀಟರಿಗೆ ಎಷ್ಟು ಸಮಯ ಅನ್ನುವುದು ಇನ್ನೊಂದು, ಅದನ್ನು ಸ್ಪ್ಲಿಟ್ ಅನ್ನುತ್ತಾರೆ. ಸ್ಟ್ರೋಕ್ ಜಾಸ್ತಿ ಆದರೆ ವ್ಯಾಯಾಮ ಜಾಸ್ತಿ ಅಂತ ಹಲವರು ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ನಿಮಿಷಕ್ಕೆ 34ರಂತೆ ಅರ್ಧಂಬರ್ಧ ಎಳೆಯುವವರಿಗಿಂತ 20ರಲ್ಲಿ ಗಟ್ಟಿಯಾಗಿ ತಳ್ಳುವವರ ದೋಣಿ ಮುಂದೆ ಹೋಗಿರುತ್ತದೆ. ದಿನನಿತ್ಯದ ಅಭ್ಯಾಸಕ್ಕೆ 18ರಿಂದ 24, ಚಿಕ್ಕ ಬಿರುಸಿನ ಸುತ್ತುಗಳಿಗೆ 24ರಿಂದ 30 ಸಾಕು.

ಸ್ಪ್ಲಿಟ್ ಮೊದಮೊದಲು ಬೇಗ ಇಳಿಯುತ್ತದೆ, ಆಮೇಲೆ ಹಠ ಹಿಡಿಯುತ್ತದೆ. ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಗಾಳಿಯ ತಡೆ ಇರುವಲ್ಲಿ ವೇಗ ಸ್ವಲ್ಪ ಏರಿದರೂ ಬೇಕಾಗುವ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. 2:30ರ ಸ್ಪ್ಲಿಟ್‌ಗೆ ಸುಮಾರು 104 ವಾಟ್ ಬೇಕು. 2:15ಕ್ಕೆ 142. 2:00ಕ್ಕೆ 203. ಅರ್ಧ ನಿಮಿಷ ಇಳಿಸಲು ಶಕ್ತಿ ಹೆಚ್ಚೂಕಡಿಮೆ ಎರಡರಷ್ಟು! ಹಾಗಾಗಿ ತಿಂಗಳಿಗೆ ನಾಲ್ಕೈದು ಸೆಕೆಂಡ್ ಇಳಿದರೂ ಅದು ನಿಜವಾದ ಗಳಿಕೆ, ಅಲ್ವಾ? ಹೋಲಿಕೆಗೆ ಬೇಕಿದ್ದರೆ, ಆಸ್ಟ್ರೇಲಿಯಾದ ಜೋಶ್ ಡಂಕ್ಲಿ-ಸ್ಮಿತ್ 2018ರಲ್ಲಿ 2000 ಮೀಟರನ್ನು 5 ನಿಮಿಷ 35.8 ಸೆಕೆಂಡಿನಲ್ಲಿ ಮುಗಿಸಿದರು, ಅಂದರೆ ಸ್ಪ್ಲಿಟ್ 1:24ರ ಹತ್ತಿರ. ಅಮೆರಿಕದ ಬ್ರುಕ್ ಮೂನಿ 2021ರಲ್ಲಿ 6 ನಿಮಿಷ 21.1 ಸೆಕೆಂಡ್ ತೆಗೆದುಕೊಂಡರು. ಆ ಅಂಕಿಗಳನ್ನು ನೋಡಿ ಖುಷಿಪಡಿ, ಪೈಪೋಟಿ ಮಾತ್ರ ನಿಮ್ಮ ಹೋದ ವಾರದ ಅಂಕಿಯ ಜೊತೆ ಇರಲಿ.

ಎಂಟು ವಾರದ ಅಭ್ಯಾಸ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ದಿನವೂ ಮೇಲೆ ಹೇಳಿದ ತುಂಡು ಸ್ಟ್ರೋಕ್‌ಗಳಿಂದ ಶುರು, ಕೊನೆಗೆ ಮೂರು ನಿಮಿಷ ತೀರಾ ಮೆಲ್ಲಗೆ.

ಮೊದಲ ಎರಡು ವಾರ: 3 ನಿಮಿಷ ರೋ, 1 ನಿಮಿಷ ವಿಶ್ರಾಂತಿ, ಇದೇ ರೀತಿ ನಾಲ್ಕು ಸಲ. ನಿಮಿಷಕ್ಕೆ 18ರಿಂದ 20 ಸ್ಟ್ರೋಕ್. ಸ್ಪ್ಲಿಟ್ ಕಡೆ ನೋಡಲೇಬೇಡಿ. "ಇಷ್ಟೇನಾ?" ಅನ್ನಿಸುತ್ತದೆ, ಆದರೂ ಇಷ್ಟೇ ಮಾಡಿ. ಈ ಹದಿನಾಲ್ಕು ದಿನದಲ್ಲಿ ಮೈಗೆ ಕೂರುವ ಚಾಳಿ, ಒಳ್ಳೆಯದೋ ಕೆಟ್ಟದ್ದೋ, ಬಹಳ ಕಾಲ ಉಳಿಯುತ್ತದೆ.

ಮೂರು-ನಾಲ್ಕನೇ ವಾರ: 6 ನಿಮಿಷದ ಮೂರು ಸುತ್ತು, ನಡುವೆ 2 ನಿಮಿಷ ಬಿಡುವು. ಮಾತಾಡಲು ಆಗುವಷ್ಟು, ಆದರೆ ಹಾಡಲು ಆಗದಷ್ಟು ಏದುಸಿರು ಇರಲಿ.

ಐದು-ಆರನೇ ವಾರ: ಎರಡು ದಿನ ನಿಲ್ಲಿಸದೆ 20 ನಿಮಿಷ. ಒಂದು ದಿನ ಬಿರುಸು: 1 ನಿಮಿಷ ಜೋರು, 1 ನಿಮಿಷ ಮೆಲ್ಲಗೆ, ಎಂಟು ಸಲ. ಜೋರು ಅಂದರೆ ಕಾಲಿನ ಜೋರು. ಸ್ಟ್ರೋಕ್ 26 ದಾಟದಿರಲಿ.

ಏಳು-ಎಂಟನೇ ವಾರ: ಎರಡು ದಿನ 30 ನಿಮಿಷ. ಒಂದು ದಿನ 500 ಮೀಟರಿನ ನಾಲ್ಕು ಸುತ್ತು, ನಡುವೆ 3 ನಿಮಿಷ ಬಿಡುವು. ನಾಲ್ಕೂ ಸುತ್ತಿನ ಸಮಯ ಒಂದೆರಡು ಸೆಕೆಂಡಿನ ಅಂತರದಲ್ಲಿರಬೇಕು. ಮೊದಲನೆಯದನ್ನು ಹಾರಿಸಿ ಕೊನೆಯದರಲ್ಲಿ ತೆವಳಿದರೆ ಅಭ್ಯಾಸ ಸರಿಹೋಗಲಿಲ್ಲ ಅಂತ ತಿಳಿಯಿರಿ.

ಎಂಟನೇ ವಾರದ ಕೊನೆಗೆ 2000 ಮೀಟರ್ ಪರೀಕ್ಷೆ ಮಾಡಿ. ಒಳಾಂಗಣ ರೋಯಿಂಗ್ ಸ್ಪರ್ಧೆಗಳ ಮಾಮೂಲಿ ದೂರ ಇದೇ. ಮೊದಲ 500 ಮೀಟರಿನಲ್ಲಿ ಎಲ್ಲರಿಗೂ ತಮ್ಮ ಶಕ್ತಿಯ ಬಗ್ಗೆ ತಪ್ಪು ಕಲ್ಪನೆ ಇರುತ್ತದೆ, ಹಾಗಾಗಿ ಅಂದುಕೊಂಡದ್ದಕ್ಕಿಂತ ಎರಡು ಸೆಕೆಂಡ್ ನಿಧಾನವಾಗಿ ಹೊರಡಿ. ಮೂರನೇ 500 ಮೀಟರ್ ಅತಿ ಕಠಿಣ. ಆಗ ದೂರ ನೋಡದೆ ಹತ್ತು ಹತ್ತು ಸ್ಟ್ರೋಕ್ ಎಣಿಸಿ. ಕೊನೆಯ 300 ಮೀಟರಿನಲ್ಲಿ ಉಳಿದದ್ದೆಲ್ಲ ಹಾಕಿ. ಮುಗಿದ ಕೂಡಲೇ ಎದ್ದು ನಿಲ್ಲಬೇಡಿ, ತಲೆ ಸುತ್ತಬಹುದು. ಐದು ನಿಮಿಷ ಮೆಲ್ಲಗೆ ರೋ ಮಾಡುತ್ತಲೇ ಇರಿ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಬಿರುಸಿನ ಶ್ರಮ ಇರಲಿ ಅನ್ನುತ್ತದೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ರೋಯಿಂಗ್ ಇದರ ದೊಡ್ಡ ಪಾಲನ್ನು ತುಂಬುತ್ತದೆ, ಪೂರ್ತಿ ಅಲ್ಲ. ಇದರಲ್ಲಿ ಕೈಯಿಂದ ಎಳೆಯುವುದಿದೆ, ಕೈಯಿಂದ ತಳ್ಳುವುದಿಲ್ಲ. ಎದೆ, ಹೆಗಲ ಮುಂಭಾಗ, ತೋಳಿನ ಹಿಂಭಾಗಕ್ಕೆ ಕೆಲಸ ಕಡಿಮೆ. ವಾರಕ್ಕೆ ಎರಡು ದಿನ ಪುಷ್ ಅಪ್ ಮತ್ತು ಪ್ಲ್ಯಾಂಕ್ ಸೇರಿಸಿದರೆ ಆ ಕೊರತೆ ತುಂಬುತ್ತದೆ.

ನೋವು ಬಂದರೆ

ತೊಡೆ, ಪೃಷ್ಠ, ಬೆನ್ನಿನ ಮೇಲ್ಭಾಗದಲ್ಲಿ ಎರಡು ದಿನ ಇರುವ ಮೈಕೈ ನೋವು ಸಹಜ. ಕೆಳಬೆನ್ನಿನಲ್ಲಿ ಚುಚ್ಚುವ ನೋವು, ಕಾಲಿಗೆ ಇಳಿಯುವ ಜೋಮು, ಎದೆನೋವು ಸಹಜವಲ್ಲ. ತಕ್ಷಣ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಅಂಗೈಯಲ್ಲಿ, ಉಂಗುರದ ಬೆರಳಿನ ಬುಡದಲ್ಲಿ ಮೊದಲ ಬೊಕ್ಕೆ ಏಳುತ್ತದೆ. ಅದನ್ನು ಕೀಳಬೇಡಿ. ಟೇಪ್ ಸುತ್ತಿ, ಹಿಡಿತ ಸಡಿಲ ಮಾಡಿ, ಒಂದೆರಡು ವಾರದಲ್ಲಿ ಚರ್ಮ ಗಟ್ಟಿಯಾಗುತ್ತದೆ. ಅಂಗೈ ಮಧ್ಯದಲ್ಲಿ ಬೊಕ್ಕೆ ಎದ್ದರೆ ಹಿಡಿಯನ್ನು ಬೆರಳಿನಲ್ಲಲ್ಲ, ಮುಷ್ಟಿಯಲ್ಲಿ ಹಿಡಿಯುತ್ತಿದ್ದೀರಿ ಅಂತ ಅರ್ಥ.

ಮಷಿನ್ನಿನ ಆರೈಕೆ

ಪ್ರತಿ ಸಲ ಮುಗಿದ ಮೇಲೆ ಸೀಟು ಓಡುವ ಕಂಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬೆವರು ಮತ್ತು ಧೂಳು ಸೇರಿ ಕಪ್ಪು ಗೆರೆ ಕಟ್ಟಿಕೊಂಡರೆ ಸೀಟು ಕಟಕಟ ಅನ್ನಲು ಶುರುಮಾಡುತ್ತದೆ. ಸರಪಳಿ ಇರುವ ಮಷಿನ್ ಆದರೆ ಸುಮಾರು 50 ಗಂಟೆ ಬಳಕೆಗೊಮ್ಮೆ ಒಂದು ಚಮಚದಷ್ಟು ಮಿನರಲ್ ಆಯಿಲನ್ನು ಬಟ್ಟೆಗೆ ಹಚ್ಚಿ, ಸರಪಳಿಯನ್ನು ಉದ್ದಕ್ಕೆ ಎಳೆದು ಸವರಿ, ಜಾಸ್ತಿಯಾದದ್ದನ್ನು ಒರೆಸಿಬಿಡಿ. ನೀರಿನ ಮಷಿನ್ ಆದರೆ ನೀರಿಗೆ ಹಸಿರು ಬಣ್ಣ ಬರುವ ಮುಂಚೆಯೇ ಕಂಪನಿ ಹೇಳಿದ ಶುದ್ಧೀಕರಣ ಮಾತ್ರೆ ಹಾಕಿ.

ಎದ್ದು ಹೋಗುವಾಗ ಹಿಡಿಯನ್ನು ನಡುವಿನ ಕೊಕ್ಕೆಯಲ್ಲಿ ಬಿಟ್ಟು ಹೋಗಬೇಡಿ. ಹಾಗೆ ಬಿಟ್ಟರೆ ಒಳಗಿನ ರಬ್ಬರ್ ಹಗ್ಗ ದಿನವಿಡೀ ಹಿಗ್ಗಿಕೊಂಡೇ ಇದ್ದು ಬೇಗ ಸಡಿಲವಾಗುತ್ತದೆ. ಕೈ ಬಿಡದೆ, ಮೆಲ್ಲಗೆ, ಫ್ಯಾನಿನ ಜಾಲರಿಗೆ ತಾಗುವವರೆಗೂ ಒಯ್ದು ಇಡಿ.